ಮಸ್ಟರ್ ರೋಲಿನಲ್ಲಿ ಮುತ್ತಜ್ಜ
(ಅಮೆರಿಕದ ಅಂತರ್ಯುದ್ಧದ ರಾವುತನೊಬ್ಬನನ್ನು ಅವನ ವಂಶಜರು ಅರಸುವ ಬಗೆ)

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗಾಗಿ ನಾನೂ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದರು. ಶಾಲೆ ಬೆಳೆದು ಬಂದ ದಾರಿಯನ್ನು ಬಲ್ಲವರು ಬರೆಯುತ್ತಿದ್ದಾರೆ. ದಾನಿಗಳ ಸ್ಮರಣೆ ಬೇರೆ ಪುಟಗಳಲ್ಲಿದೆ. ಮೂವತ್ತಮೂರು ವರ್ಷ ಸೀಮೆಸುಣ್ಣ ಹಿಡಿದವನಿಗೆ ಗೊತ್ತಿರುವುದು ಪಾಠವೊಂದೇ. ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಗಳ ಮತ್ತು ಅವರ ಮನೆಯವರ ಮುಂದೆ ಇನ್ನೊಮ್ಮೆ ಪಾಠವನ್ನೇ ಇಡುತ್ತಿದ್ದೇನೆ. ವಿಷಯವು ದೂರದ ದೇಶದ್ದು. ಆದರೆ ಅದು ನನ್ನ ಬಳಿಗೆ ಬಂದದ್ದು ನಮ್ಮ ಶಾಲೆಯ ಕಪಾಟಿನ ಮೂಲಕ.

ಕಳೆದ ದೀಪಾವಳಿಯ ರಜೆಯಲ್ಲಿ, ಶಾಲೆ ಆರಂಭವಾದ ಮೂರನೆಯ ವರ್ಷ ಒಂದನೆಯ ಇಯತ್ತೆಗೆ ಸೇರಿದ ವಿದ್ಯಾರ್ಥಿಯೊಬ್ಬನು ಪತ್ನೀಸಮೇತನಾಗಿ ಊರಿಗೆ ಬಂದಿದ್ದನು. ಅವನು ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಪತ್ನಿಯು ಆ ದೇಶದವರೇ. ಆ ತಾಯಿಯು ತಮ್ಮ ಮಕ್ಕಳಿಗಾಗಿ ಎರಡೂ ಕಡೆಯ ವಂಶದ ಪುಸ್ತಕವೊಂದನ್ನು ಬರೆದಿಡುತ್ತಿದ್ದಾರೆ. ಗಂಡನ ಹೆಸರು ದಾಖಲಾದ ಪುಟವನ್ನು ಕಣ್ಣಾರೆ ನೋಡಬೇಕೆಂದು ಅವರ ಆಸೆ. ಈಗಿನ ಮುಖ್ಯಾಧ್ಯಾಪಕರ ಅಪ್ಪಣೆಯಿಂದ ಜನರಲ್ ರಜಿಸ್ಟರನ್ನು ತೆಗೆಸಿದೆವು. 1977ರ ಪುಟ, ಅಕ್ಷರಗಳು ನನ್ನವೇ. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜನ್ಮದಿನಾಂಕ 1-6-1971.

ಅವರು ಆ ಸಾಲನ್ನು ನೋಡಿದರು. ಬಳಿಕ ಬೆರಳನ್ನು ಮೇಲಿಂದ ಕೆಳಗೆ ಇಳಿಸಿ ಇಡೀ ಪುಟವನ್ನು ನೋಡಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಜೂನ್ 1ರಂದೇ ಜನಿಸಿದ್ದರು! ಅವರು ನಗಲಿಲ್ಲ. "ಇದನ್ನು ಬರೆದವರು ಯಾರು, ಯಾರ ಮಾತಿನ ಮೇಲೆ ಬರೆದರು, ಏತಕ್ಕಾಗಿ ಬರೆದರು?" ಎಂದು ಕೇಳಿದರು. ನನ್ನ ಶಿಷ್ಯನು ತಲೆ ತಗ್ಗಿಸಿ ಅದನ್ನು ಕನ್ನಡಕ್ಕೆ ತಿರುಗಿಸಿದನು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಈ ಮೂರು ಪ್ರಶ್ನೆಗಳನ್ನು ಅವರು ಎಲ್ಲಿ ಕಲಿತರೆಂದು ನಾನು ಆಮೇಲೆ ವಿಚಾರಿಸಿದೆನು. ತಮ್ಮ ತಾಯಿಯ ಕಡೆಯ ಪೂರ್ವಜನೊಬ್ಬನನ್ನು ಹುಡುಕುತ್ತ ಹೋದಾಗ ಕಲಿತದ್ದೆಂದು ಹೇಳಿದರು. ಅವನು ಅಮೆರಿಕದ ಅಂತರ್ಯುದ್ಧದಲ್ಲಿ ಒಹಾಯೊದ ಒಂದು ಅಶ್ವದಳ ರೆಜಿಮೆಂಟಿನ ಸಾಮಾನ್ಯ ಸವಾರ. ಅವರು ಬಿಟ್ಟುಹೋದ ನಕಲು ಪ್ರತಿಗಳನ್ನೂ ಶಿಷ್ಯನು ಕಳುಹಿಸಿದ ಪುಸ್ತಕಗಳನ್ನೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಚಳಿಗಾಲವಿಡೀ ಓದಿದೆನು. ಕನ್ನಡ ಮಾಧ್ಯಮದ ಮ್ಯಾಟ್ರಿಕ್ ಇಂಗ್ಲಿಷು ನನ್ನದು, ದಿನಕ್ಕೆ ನಾಲ್ಕು ಪುಟ ಸಾಗಿದರೆ ಹೆಚ್ಚು. ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಯುದ್ಧದ ಸಂಗತಿ

1861ರ ಏಪ್ರಿಲ್‌ನಿಂದ 1865ರ ವಸಂತದವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಪರಸ್ಪರ ಹೋರಾಡಿದವು. ಮೂಲ ಕಾರಣ ಗುಲಾಮಗಿರಿ. ಅದನ್ನು ಉಳಿಸಿಕೊಳ್ಳಬಯಸಿದ ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟದಿಂದ ಹೊರಬಿದ್ದು ತಮ್ಮದೇ ಸರಕಾರವನ್ನು ಕಟ್ಟಿಕೊಂಡವು. ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಅದನ್ನು ಒಪ್ಪಲಿಲ್ಲ. ಸತ್ತವರ ಸಂಖ್ಯೆ 6,20,000 ಎಂದು ಬಹುಕಾಲ ಎಣಿಸುತ್ತಿದ್ದರು; ಜನಗಣತಿಯ ಅಂಕಿಗಳನ್ನು ಹೋಲಿಸಿ ನೋಡಿದ ಇತ್ತೀಚಿನ ವಿದ್ವಾಂಸರು ಅದು ಏಳು ಲಕ್ಷದ ಆಸುಪಾಸು, ಅಥವಾ ಅದಕ್ಕೂ ಹೆಚ್ಚು ಎನ್ನುತ್ತಾರೆ. ಇವರಲ್ಲಿ ಗುಂಡು ತಗುಲಿ ಸತ್ತವರಿಗಿಂತ ಆಮಶಂಕೆ, ವಿಷಮಜ್ವರ, ಮೈಲಿಗಳಿಂದ ಸತ್ತವರೇ ಅಧಿಕ.

ಈ ಯುದ್ಧದ ಬಿಸಿ ನಮ್ಮ ನೆಲಕ್ಕೂ ತಟ್ಟಿತ್ತು. ಉತ್ತರದವರ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ಮುಚ್ಚಿದುದರಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಸಿಗದಾಯಿತು. ಧಾರವಾಡ, ಗದಗಿನ ಕಡೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. 1840ರ ದಶಕದಿಂದಲೇ ಅಲ್ಲಿ ಅಮೆರಿಕದ ಬೀಜವು ಬೇರೂರಿತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು, ಮುಂಬಯಿಯ ಶೇರು ಪೇಟೆ ಮುಗ್ಗರಿಸಿತು. ಇಷ್ಟು ಸಾಕು, ನಮ್ಮ ವಿಷಯ ಹತ್ತಿಯಲ್ಲ, ಸವಾರ.

ಮೊದಲು ಮನೆ, ಆಮೇಲೆ ರಣರಂಗ

ಪೂರ್ವಜನನ್ನು ಹುಡುಕುವವರು ನೇರವಾಗಿ ಯುದ್ಧದ ಪುಸ್ತಕಗಳಿಗೆ ಕೈಹಾಕಿದರೆ ದಾರಿ ತಪ್ಪುತ್ತಾರೆ. ಮೊದಲು ಅವನ ಪೂರ್ಣ ಹೆಸರು, ಯುದ್ಧಕಾಲದಲ್ಲಿ ಅವನಿದ್ದ ರಾಜ್ಯ ಮತ್ತು ಜಿಲ್ಲೆ, ಸುಮಾರು ವಯಸ್ಸು, ಹೆಂಡತಿಯ ಹೆಸರು ಇವು ಕೈಯಲ್ಲಿರಬೇಕು. ಮನೆಯ ಬೈಬಲಿನ ಮೊದಲ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿ ಅವರಲ್ಲಿತ್ತು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಲ್ಲಿ 1850ರಿಂದ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರೂ ವಯಸ್ಸೂ ಇವೆ. ಸ್ವತಂತ್ರ ವ್ಯಕ್ತಿ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬರುತ್ತದೆ.

ನಮ್ಮ ಕಡೆ ಹೆಳವರು ಸುಗ್ಗಿಯ ಬಳಿಕ ಎತ್ತಿನೊಡನೆ ಬಂದು ಅಂಗಳದಲ್ಲಿ ನಿಂತು ಏಳೆಂಟು ತಲೆಮಾರುಗಳ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದುದನ್ನು ನನ್ನ ವಯಸ್ಸಿನವರು ಕೇಳಿದ್ದೇವೆ. ಅಮೆರಿಕದವರಿಗೆ ಅಂಥ ಭಾಗ್ಯವಿಲ್ಲ. ಅವರ ಹೆಳವ ಎಂದರೆ ಸರಕಾರಿ ದಫ್ತರ.

ಹೆಸರು ತಿಳಿದ ಮೇಲೆ ರೆಜಿಮೆಂಟನ್ನು ಪತ್ತೆ ಮಾಡಬೇಕು. ಅಲ್ಲಿ ಸ್ವಯಂಸೇವಕ ರೆಜಿಮೆಂಟುಗಳನ್ನು ರಾಜ್ಯ ರಾಜ್ಯಗಳೇ ಎತ್ತಿ, ರಾಜ್ಯದ ಹೆಸರು ಮತ್ತು ಅನುಕ್ರಮ ಸಂಖ್ಯೆಯಿಂದ ಕರೆಯುತ್ತಿದ್ದವು. ಅಶ್ವದಳದ ಒಂದು ರೆಜಿಮೆಂಟಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಕಂಪನಿಗಳು. ಒಂದೊಂದು ಕಂಪನಿಯಲ್ಲಿ ಬಹುಮಟ್ಟಿಗೆ ಒಂದೇ ಸೀಮೆಯ ನೆರೆಹೊರೆಯವರು, ಅಣ್ಣತಮ್ಮಂದಿರು, ಭಾವಮೈದುನರು. ಈಗ ಅಲ್ಲಿಯ ರಾಷ್ಟ್ರೀಯ ಉದ್ಯಾನ ಇಲಾಖೆಯವರು ಸುಮಾರು 63 ಲಕ್ಷ ಹೆಸರುಗಳ ಪಟ್ಟಿಯನ್ನು ಗಣಕಯಂತ್ರದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೋರಾಡಿದವರು ಅಷ್ಟಿರಲಿಲ್ಲ, ಒಬ್ಬನೇ ಎರಡು ಮೂರು ರೆಜಿಮೆಂಟುಗಳಲ್ಲಿ ಇದ್ದುದರಿಂದಲೂ, ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದುದರಿಂದಲೂ ಪಟ್ಟಿ ಉಬ್ಬಿದೆ. ನಮ್ಮ ರಜಿಸ್ಟರುಗಳಲ್ಲಿ ಒಂದೇ ಮನೆಯ ಅಣ್ಣನು 'ಬಿರಾದಾರ' ಆಗಿ ತಮ್ಮನು 'ಬಿರಾಜದಾರ' ಆಗಿರುವುದನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಅದೇ ಹೆಸರಿನವನು ಸಿಕ್ಕಿದೊಡನೆ ಇವನೇ ನಮ್ಮ ಅಜ್ಜನೆಂದು ಸಂಭ್ರಮಿಸಬಾರದು. ಕಂಪನಿಯ ಉಳಿದವರು ನಮ್ಮ ಊರಿನವರೇ ಎಂದು ನೋಡಬೇಕು.

ಮಸ್ಟರಿನಿಂದ ಕಾರ್ಡಿಗೆ

ಮಸ್ಟರ್ ಎಂಬ ಶಬ್ದವು ಈ ಭಾಗದವರಿಗೆ 1972ರ ಬರಗಾಲದಿಂದ ಪರಿಚಿತ. ಖಡಿ ಒಡೆಯುವ ಕೆಲಸದಲ್ಲಿ ಮುಕಾದಮನ ಮಸ್ಟರಿನಲ್ಲಿ ಹೆಸರಿದ್ದರೆ ಪಗಾರ. ಇಲ್ಲದಿದ್ದರೆ ದುಡಿದದ್ದೂ ಇಲ್ಲ, ಬದುಕಿದ್ದೂ ಇಲ್ಲ. ಸೈನ್ಯದ ಮಸ್ಟರ್ ರೋಲೂ ಹಾಗೆಯೇ, ಪಗಾರ ಬಟವಾಡೆಗಾಗಿ ಬರೆದದ್ದು. ಎರಡು ತಿಂಗಳಿಗೊಮ್ಮೆ ಕಂಪನಿಯನ್ನು ಸಾಲಾಗಿ ನಿಲ್ಲಿಸಿ ಹೆಸರು ಕರೆದು ಹಾಜರು, ಗೈರುಹಾಜರು, ಆಸ್ಪತ್ರೆಯಲ್ಲಿ, ಶತ್ರುಗಳ ಸೆರೆಯಲ್ಲಿ, ದಳ ಬಿಟ್ಟು ಓಡಿದ್ದಾನೆ ಎಂದು ಬರೆಯುತ್ತಿದ್ದರು. ಕಾರ್ಬೈನು ಕಳೆದುಕೊಂಡಿದ್ದರೆ ಅದರ ಬೆಲೆಯನ್ನು ಪಗಾರದಿಂದ ಮುರಿದುಕೊಂಡ ಷರಾ ಇರುತ್ತದೆ. ಇವನು ಶೂರನೋ ಹೇಡಿಯೋ ಎಂದು ಬರೆಯಲು ಅದರಲ್ಲಿ ಕಾಲಮ್ಮೇ ಇಲ್ಲ.

ಯುದ್ಧ ಮುಗಿದ ಮೇಲೆ ಪಿಂಚಣಿಯ ಅರ್ಜಿಗಳು ಲಕ್ಷಗಟ್ಟಲೆ ಬಂದವು. ಒಂದೊಂದು ಅರ್ಜಿಗೂ ಗುಮಾಸ್ತರು ಆ ದೊಡ್ಡ ಹಾಳೆಗಳನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಹರಿದುಹಾಕುತ್ತಿದ್ದರು. ಆಗ ಫ್ರೆಡ್ ಐನ್ಸ್‌ವರ್ತ್ ಎಂಬ ಸೈನ್ಯದ ವೈದ್ಯಾಧಿಕಾರಿಯು ಒಂದು ಉಪಾಯ ಹೂಡಿದನು. ರೋಲಿನಲ್ಲಿ ಒಬ್ಬನ ಹೆಸರು ಬಂದ ಪ್ರತಿಯೊಂದು ಸಾಲನ್ನೂ ಒಂದೊಂದು ಕಾರ್ಡಿಗೆ ಇಳಿಸಿ, ಒಬ್ಬ ಸೈನಿಕನ ಕಾರ್ಡುಗಳನ್ನೆಲ್ಲ ಒಂದೇ ಲಕೋಟೆಯಲ್ಲಿ ಹಾಕುವುದು. 1890ರ ದಶಕದಲ್ಲಿ ಉತ್ತರದವರದೂ 1903ರಿಂದ ದಕ್ಷಿಣದವರದೂ ಹೀಗೆ ಇಳಿದವು. ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಯಿಂದ ವಂಶಜರಿಗೆ ದೊರೆಯುವುದು ಈ ಲಕೋಟೆಯ ನಕಲೇ. ಮೂವತ್ತು ವರ್ಷ ಕಳೆದ ಮೇಲೆ ಯಾರೋ ಗುಮಾಸ್ತ ಮಾಡಿದ ನಕಲಿನಲ್ಲಿ ಏಳು ಒಂದಾಗಬಹುದು, ಒಬ್ಬನ ಕಾರ್ಡು ಇನ್ನೊಬ್ಬನ ಲಕೋಟೆಗೆ ಬೀಳಬಹುದು. ಸರಕಾರಿ ಮುದ್ರೆ ಇದೆಯೆಂದ ಮಾತ್ರಕ್ಕೆ ಅದು ವೇದವಾಕ್ಯವಾಗದು. ಈ ಮಾತನ್ನು ಸರಕಾರಿ ಅನುದಾನದ ಶಾಲೆಯಲ್ಲಿ ಮುದ್ರೆ ಒತ್ತಿದವನೇ ಹೇಳುತ್ತಿದ್ದೇನೆ.

ಕುದುರೆ ಯಾರದು?

ಪಾದಚಾರಿಯ ಕಾಗದಗಳನ್ನು ಓದಲು ಬಲ್ಲವನು ಸವಾರನ ಕಾಗದಗಳನ್ನು ಓದುವಾಗ ಎಡವುವುದು ಇಲ್ಲಿ. ಅಕ್ಕಲಕೋಟೆ, ಜತ್ತಿನ ಕಡೆಯವರಿಗೆ ಶಿಲೇದಾರ, ಬಾರಗೀರ ಎಂಬ ಎರಡು ಶಬ್ದಗಳು ಅಡ್ಡಹೆಸರುಗಳಾಗಿಯಾದರೂ ಗೊತ್ತಿವೆ. ತನ್ನ ಕುದುರೆ, ತನ್ನ ಆಯುಧಗಳೊಡನೆ ಚಾಕರಿಗೆ ಬಂದವನು ಶಿಲೇದಾರ. ಸರಕಾರದ ಕುದುರೆಯನ್ನೇರಿದವನು ಬಾರಗೀರ. ಮೈಸೂರು ಸಂಸ್ಥಾನದಲ್ಲಿಯೂ ಸಿಲೇದಾರ್ ಕುದುರೆ ದಳವಿತ್ತು. ಈ ಭೇದವನ್ನು ತಿಳಿದವನಿಗೆ ಅಮೆರಿಕದ ಎರಡು ಸೈನ್ಯಗಳ ಭೇದವು ಒಂದೇ ಮಾತಿನಲ್ಲಿ ತಿಳಿಯುತ್ತದೆ: ದಕ್ಷಿಣದ ಸವಾರನು ಶಿಲೇದಾರ, ಉತ್ತರದವನು ಬಹುಮಟ್ಟಿಗೆ ಬಾರಗೀರ.

ದಕ್ಷಿಣದ ಸವಾರನು ಮನೆಯ ಕುದುರೆಯನ್ನೇ ತರುತ್ತಿದ್ದನು; ಅದರ ಬಾಡಿಗೆಯೆಂದು ಸರಕಾರವು ದಿನಕ್ಕೆ 40 ಸೆಂಟು ಕೊಡುತ್ತಿತ್ತು. ಯುದ್ಧದಲ್ಲಿ ಕುದುರೆ ಸತ್ತರೆ ಬೆಲೆ ಕಟ್ಟಿ ಕೊಡುವ ಪದ್ಧತಿಯಿತ್ತು. ರೋಗದಿಂದಲೋ ಹಸಿವಿನಿಂದಲೋ ಸತ್ತರೆ ನಷ್ಟ ಸವಾರನದು. ಅವನು ಇನ್ನೊಂದನ್ನು ತರಬೇಕು, ತರಲಾಗದಿದ್ದರೆ ಪಾದಚಾರಿಗಳಲ್ಲಿ ಸೇರಬೇಕು. ಆದ್ದರಿಂದ ಅವರ ರೋಲುಗಳಲ್ಲಿ ಕುದುರೆ ತರಲು ಊರಿಗೆ ಕಳುಹಿಸಲಾಗಿದೆ ಎಂಬ ಷರಾ ಮತ್ತೆ ಮತ್ತೆ ಬರುತ್ತದೆ. ಮೊಮ್ಮಕ್ಕಳು ಗೈರುಹಾಜರು ಎಂಬುದನ್ನು ಮಾತ್ರ ಓದಿ ಅಜ್ಜ ಕಳ್ಳಬಿದ್ದನೆಂದು ನೊಂದುಕೊಳ್ಳುವುದುಂಟು. ಪಕ್ಕದ ಷರಾವನ್ನು ಓದಿದರೆ ಅವನು ನೂರಾರು ಮೈಲಿ ನಡೆದು ಹೊಲ ಹೂಡುವ ಕುದುರೆಯನ್ನೇ ಬಿಚ್ಚಿ ತರಲು ಹೋಗಿದ್ದನೆಂದು ತಿಳಿಯುತ್ತದೆ. ಮನೆಯಲ್ಲಿ ಆ ವರ್ಷ ಹೊಲ ಹೇಗೆ ಹೂಡಿದರೆಂಬುದನ್ನು ಯಾವ ರೋಲೂ ಹೇಳುವುದಿಲ್ಲ.

ಉತ್ತರದವರಿಗೆ ಸರಕಾರವೇ ಕುದುರೆ ಕೊಟ್ಟಿತು. ಪರಕೀಯ ಕುದುರೆಯನ್ನು ನೋಡಿಕೊಳ್ಳುವಲ್ಲಿ ಹೊಸಬರ ಅಲಕ್ಷ್ಯವೂ ಹೆಚ್ಚು. ಬೆನ್ನು ಹುಣ್ಣಾಗಿ, ಗೊರಸು ಕೆಟ್ಟು ಸಾವಿರಾರು ಕುದುರೆಗಳು ನಿರುಪಯೋಗಿಯಾದವು. 1863ರ ಜುಲೈನಲ್ಲಿ ಕುದುರೆಗಳಿಗಾಗಿಯೇ ಪ್ರತ್ಯೇಕ ಇಲಾಖೆಯಾಗಿ, ವಾಷಿಂಗ್ಟನ್ನಿನ ಹತ್ತಿರ ಗೀಸ್‌ಬರೋ ಎಂಬಲ್ಲಿ ಭಾರೀ ಲಾಯವು ನಿರ್ಮಾಣವಾಯಿತು. ಸವಾರನ ಕಾರ್ಡಿನಲ್ಲಿ 'ಕುದುರೆಯಿಲ್ಲದವರ ಶಿಬಿರದಲ್ಲಿ' ಎಂದಿದ್ದರೆ ಆ ತಿಂಗಳು ಅವನ ರೆಜಿಮೆಂಟು ಗೆದ್ದ ಕಾಳಗದಲ್ಲಿ ಅವನಿರಲಿಲ್ಲ. ರೆಜಿಮೆಂಟಿನ ಚರಿತ್ರೆ ಬೇರೆ, ಮನುಷ್ಯನ ಚರಿತ್ರೆ ಬೇರೆ. 1880ರಿಂದ 1901ರವರೆಗೆ ಸರಕಾರವು 128 ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಯುದ್ಧದ ಅಧಿಕೃತ ಪತ್ರಗಳಲ್ಲಿ ರೆಜಿಮೆಂಟು ಎಲ್ಲಿತ್ತೆಂದು ತಿಳಿಯುತ್ತದೆ. ಅವನು ಎಲ್ಲಿದ್ದನೆಂಬುದಕ್ಕೆ ಮಸ್ಟರೇ ಗತಿ. ಎರಡನ್ನೂ ಪಕ್ಕದಲ್ಲಿಟ್ಟು ತಿಂಗಳು ತಿಂಗಳಿಗೆ ತಾಳೆ ನೋಡಬೇಕು.

ಆ ತಾಯಿಯ ಮನೆಯಲ್ಲಿ ಅಜ್ಜನು ಬಿಚ್ಚುಗತ್ತಿ ಹಿಡಿದು ಕುದುರೆಯ ಮೇಲೆಯೇ ಪ್ರಾಣಬಿಟ್ಟನೆಂಬ ಕಥೆ ನಾಲ್ಕು ತಲೆಮಾರಿನಿಂದ ನಡೆದುಬಂದಿತ್ತು. ಗೋಡೆಯ ಮೇಲೆ ಪಟವೂ ಇತ್ತು. ಕಾರ್ಡಿನಲ್ಲಿ ಅವನು ಆಸ್ಪತ್ರೆಯಲ್ಲಿ ಅತಿಸಾರದಿಂದ ಸತ್ತಿದ್ದನು. ಹಾಸಿಗೆ ಹಿಡಿಯುವ ಮುಂಚಿನ ಎರಡು ಮಸ್ಟರುಗಳಲ್ಲಿ ಅವನಿಗೆ ಕುದುರೆಯೇ ಇರಲಿಲ್ಲ. ಅವರ ವೃದ್ಧ ತಾಯಿಯು ಆ ಕಾಗದವನ್ನು ಓದಿ ಮಡಚಿ ಹಿಂದಕ್ಕೆ ಕೊಟ್ಟು, ಪಟವನ್ನು ಇದ್ದಲ್ಲಿಯೇ ಇರಗೊಟ್ಟರಂತೆ.

ವಿಧವೆಯ ಕಡತ

ಸೇವೆಯ ಲಕೋಟೆ ತೆಳ್ಳಗಿರುತ್ತದೆ. ದಪ್ಪನೆಯದು ಪಿಂಚಣಿಯ ಕಡತ. 1862ರ ಜುಲೈ 14ರ ಕಾಯಿದೆಯು ಯುದ್ಧದಲ್ಲಿ ಊನರಾದವರಿಗೂ ಸತ್ತವರ ವಿಧವೆಯರಿಗೂ ಮಕ್ಕಳಿಗೂ ಪಿಂಚಣಿಯ ಹಕ್ಕನ್ನು ಕೊಟ್ಟಿತು. 1890ರ ಕಾಯಿದೆಯಿಂದ, 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆ ಹೊಂದಿ, ಅನಂತರ ಯಾವುದೇ ಕಾರಣದಿಂದ ದುಡಿಯಲಾರದವನಾದವನಿಗೂ ದೊರೆಯಿತು, ದುಶ್ಚಟದಿಂದ ಕೆಟ್ಟವನನ್ನು ಬಿಟ್ಟು. 1907ರಲ್ಲಿ 62 ವರ್ಷ ದಾಟಿದವರಿಗೆ ವಯಸ್ಸಿನ ಆಧಾರದಿಂದಲೇ ಕೊಡಹತ್ತಿದರು.

ಹಣ ಕೊಡುವ ಸರಕಾರವು ಪುರಾವೆ ಕೇಳುತ್ತದೆ. ವಿಧವೆಯು ಮದುವೆಯನ್ನು ಸಿದ್ಧಪಡಿಸಬೇಕು. ಪಾದ್ರಿಯ ದಾಖಲಾ ಇಲ್ಲದಿದ್ದರೆ ಮದುವೆಯಲ್ಲಿ ಊಟ ಮಾಡಿದ ನೆರೆಯವರ ಪ್ರಮಾಣಪತ್ರ, ಮಗು ಹುಟ್ಟಿದಾಗ ಸೂಲಗಿತ್ತಿಯಾಗಿದ್ದವಳ ಪ್ರಮಾಣಪತ್ರ, ಸೈನಿಕನು ಗಾಯಗೊಂಡಾಗ ಪಕ್ಕದಲ್ಲಿದ್ದ ಸಂಗಾತಿಯ ಹೇಳಿಕೆ. ಎಷ್ಟೋ ಹೆಂಗಸರು ಮನೆಯ ಬೈಬಲಿನ ಆ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿ ಕಳುಹಿಸಿದರು. ಅವು ಹಿಂದಿರುಗದೆ ಇಂದಿಗೂ ಕಡತಗಳಲ್ಲಿವೆ. 1898ರಲ್ಲಿಯೂ 1915ರಲ್ಲಿಯೂ ಪಿಂಚಣಿ ಕಚೇರಿಯವರು ಮುದುಕ ಸೈನಿಕರಿಗೆ ಪ್ರಶ್ನಾವಳಿ ಕಳುಹಿಸಿ ಹೆಂಡತಿಯ ತವರಿನ ಹೆಸರು, ಮದುವೆಯ ಸ್ಥಳ, ಮಕ್ಕಳ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಕೇಳಿದರು. ವಂಶವನ್ನು ಹುಡುಕುವವರಿಗೆ ಇದಕ್ಕಿಂತ ಬೇರೆ ನಿಧಿಯಿಲ್ಲ. ಈ ಕಡತಗಳ ಬಹುಭಾಗವು ಇನ್ನೂ ಕಾಗದದ ರೂಪದಲ್ಲಿಯೇ ವಾಷಿಂಗ್ಟನ್ನಿನಲ್ಲಿದ್ದು, ಕೇಳಿ ತರಿಸಿಕೊಳ್ಳಬೇಕಾಗುತ್ತದೆ. ದಕ್ಷಿಣದ ಸೈನಿಕರ ಮಾತು ಬೇರೆ. ಅವರಿಗೆ ಪಿಂಚಣಿ ಕೊಟ್ಟದ್ದು ಆಯಾ ರಾಜ್ಯಗಳು. ಅವನು ಯಾವ ರಾಜ್ಯದಿಂದ ಹೋರಾಡಿದನೆಂಬುದಕ್ಕಿಂತ ಮುಪ್ಪಿನಲ್ಲಿ ಯಾವ ರಾಜ್ಯದಲ್ಲಿ ವಾಸಿಸಿದನೆಂದು ನೋಡಿ ಅಲ್ಲಿಯ ದಫ್ತರದಲ್ಲಿ ಹುಡುಕಬೇಕು.

ವಯಸ್ಸಿನ ವಿಷಯದಲ್ಲಿ ಈ ಕಡತಗಳು ತಮ್ಮನ್ನು ತಾವೇ ಅಲ್ಲಗಳೆಯುತ್ತವೆ. ಹದಿನಾರರ ಹುಡುಗನು ಸೇರುವಾಗ ಹದಿನೆಂಟು ಎನ್ನುತ್ತಾನೆ. ಬೂಟಿನೊಳಗೆ 18 ಎಂಬ ಅಂಕಿ ಬರೆದ ಚೀಟಿಯಿಟ್ಟುಕೊಂಡು 'ಹದಿನೆಂಟರ ಮೇಲಿದ್ದೇನೆ' ಎಂದು ಹುಡುಗರು ಪ್ರಮಾಣ ಮಾಡುತ್ತಿದ್ದರೆಂದು ಒಂದು ಕಥೆಯುಂಟು. ಕಥೆಯೆಂದೇ ತಿಳಿಯಬೇಕು, ಚೆನ್ನಾಗಿದೆ. ಅದೇ ಹುಡುಗನು ಮುದುಕನಾಗಿ ಪಿಂಚಣಿ ಕೇಳುವಾಗ ಇನ್ನೆರಡು ವರ್ಷ ಏರಿಸಿದರೆ ಅನುಕೂಲ. ನಿಜವು ನಡುವೆಲ್ಲೋ ಇರುತ್ತದೆ. ಸುಳ್ಳೆಂದು ಎಸೆಯುವುದಕ್ಕಿಂತ ಪ್ರತಿಯೊಂದು ಅಂಕಿಯನ್ನೂ ಯಾವ ದಿನ, ಏತಕ್ಕಾಗಿ ಹೇಳಿದನೆಂದು ಪಕ್ಕದಲ್ಲಿ ಬರೆದುಕೊಳ್ಳುವುದು ಮೇಲು.

ಹೆಸರಿಲ್ಲದವರು

ಸ್ವತಂತ್ರ ವ್ಯಕ್ತಿ ಎಂಬ ಮಾತಿಗೆ ಈಗ ಬರುತ್ತೇನೆ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಹಾಳೆ. ಅದರಲ್ಲಿ ಒಡೆಯನ ಹೆಸರಿದೆ. ಅವನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮನ ಹೆಸರಿಲ್ಲ. ಅವರೆಲ್ಲರ ಹೆಸರುಗಳು ಜನಗಣತಿಯಲ್ಲಿ ಮೊದಲ ಬಾರಿಗೆ ಬಂದುದು 1870ರಲ್ಲಿ. ಆಫ್ರಿಕಾ ಮೂಲದ ಇಂದಿನ ಅಮೆರಿಕನ್ನರು ಹಿಂದಕ್ಕೆ ಹುಡುಕುತ್ತ ಹೋದರೆ 1870ಕ್ಕೆ ಬಂದು ಗೋಡೆಗೆ ಹಣೆ ಬಡಿದಂತಾಗುತ್ತದೆ. ಆ ಗೋಡೆಯಲ್ಲಿರುವ ಕೆಲವೇ ಕಿಂಡಿಗಳಲ್ಲಿ ಸೈನಿಕನ ಕಾಗದವೂ ಒಂದು.

ಕೆಂಟಕಿ ರಾಜ್ಯವು ಒಕ್ಕೂಟದಲ್ಲಿಯೇ ಉಳಿದುದರಿಂದ 1863ರ ಜನವರಿ 1ರ ಲಿಂಕನ್ನರ ವಿಮೋಚನಾ ಘೋಷಣೆಯು ಅದಕ್ಕೆ ಅನ್ವಯಿಸಲಿಲ್ಲ. ಅಲ್ಲಿಯ ಗುಲಾಮನಿಗೆ ಬಿಡುಗಡೆಯ ದಾರಿಯೆಂದರೆ ಸೈನ್ಯಕ್ಕೆ ಸೇರುವುದು. ಆ ರಾಜ್ಯದ ಕ್ಯಾಂಪ್ ನೆಲ್ಸನ್ ಎಂಬ ಠಾಣೆಗೆ ಸಾವಿರಾರು ಜನ ರಾತ್ರಿ ಹಗಲು ನಡೆದು ಬಂದರು. 1864ರ ಅಕ್ಟೋಬರಿನಲ್ಲಿ ಅಲ್ಲಿ ಕಪ್ಪು ಸೈನಿಕರ 5ನೆಯ ಅಶ್ವದಳ ರೆಜಿಮೆಂಟು ರೂಪುಗೊಂಡಿತು. ಪೂರ್ಣ ಸಿದ್ಧವಾಗುವ ಮೊದಲೇ ಅವರನ್ನು ವರ್ಜೀನಿಯದ ಸಾಲ್ಟ್‌ವಿಲ್ ಎಂಬ ಉಪ್ಪಿನ ಕೇಂದ್ರದ ಮೇಲೆ ಕಳುಹಿಸಿದರು. ಪಳಗದ ಕುದುರೆಗಳು, ಕುದುರೆಯ ಮೇಲೆ ಕುಳಿತು ತುಂಬಲಾಗದ ಪಾದಚಾರಿಗಳ ಉದ್ದ ಬಂದೂಕುಗಳು. ದಾರಿಯುದ್ದಕ್ಕೂ ತಮ್ಮದೇ ಪಕ್ಷದ ಬಿಳಿಯ ಸೈನಿಕರು ಅವರ ಟೊಪ್ಪಿಗೆ ಕಿತ್ತು ಗೇಲಿ ಮಾಡಿದರು. ಅಕ್ಟೋಬರ್ 2ರ ಕಾಳಗದಲ್ಲಿ ಅವರು ಹೋರಾಡಿದ್ದನ್ನು ಕಂಡ ಮೇಲೆ ಹಿಂದಿರುಗುವ ದಾರಿಯಲ್ಲಿ ಗೇಲಿ ಮಾಡಿದವರು ಬಾಯಿ ಬಿಡಲಿಲ್ಲವೆಂದು ಅವರ ಅಧಿಕಾರಿ ಬ್ರಿಸ್ಬಿನ್ನನು ವರದಿ ಬರೆದಿದ್ದಾನೆ. ರಣದಲ್ಲಿ ಬಿಟ್ಟುಬಂದ ಗಾಯಾಳುಗಳನ್ನು ಎದುರಾಳಿಗಳು ಕೊಂದರು.

ಇಂಥವನೊಬ್ಬನ ಲಕೋಟೆಯಲ್ಲಿ ಕೆಲವೊಮ್ಮೆ ಒಡೆಯನ ಹೆಸರು ಸಿಗುತ್ತದೆ. ಏಕೆಂದರೆ ಒಕ್ಕೂಟಕ್ಕೆ ನಿಷ್ಠನಾಗಿದ್ದ ಒಡೆಯನು ತನ್ನ ಗುಲಾಮನು ಸೈನ್ಯಕ್ಕೆ ಸೇರಿದ್ದಕ್ಕೆ 300 ಡಾಲರುಗಳವರೆಗೆ ಪರಿಹಾರ ಬೇಡಬಹುದಾಗಿತ್ತು. ಬೇಡುವಾಗ ಅವನನ್ನು ಯಾರಿಂದ ಕೊಂಡೆ, ಅಥವಾ ಅವನ ತಾಯಿ ಯಾರ ಮನೆಯಲ್ಲಿದ್ದಳು ಎಂಬ ಪುರಾವೆಯನ್ನು ತನ್ನ ಕೈಯಾರೆ ಬರೆದುಕೊಡಬೇಕಾಗಿತ್ತು. ಹಣದಾಸೆಗೆ ಬರೆದ ಆ ಹೊಲಸು ಕಾಗದವೇ ಇಂದು ಅವನ ಮರಿಮಕ್ಕಳಿಗೆ ಅಜ್ಜಿಯ ಹೆಸರನ್ನು ತಿಳಿಸುತ್ತದೆ. ಅಂಥ ಸೈನಿಕನ ವಿಧವೆಯು ಪಿಂಚಣಿ ಕೇಳಿದಾಗ ತೊಂದರೆ ಇನ್ನೂ ಹೆಚ್ಚು: ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಸರಕಾರದ ಪರೀಕ್ಷಕನು ಊರಿಗೆ ಬಂದು, ಒಂದೇ ತೋಟದಲ್ಲಿ ದುಡಿದ ಮುದುಕ ಮುದುಕಿಯರನ್ನು ಕೂಡಿಸಿ, ಯಾರ ಅಪ್ಪಣೆಯಿಂದ ಒಂದಾದಿರಿ, ಮಾರಾಟವಾದ ಮಕ್ಕಳು ಯಾರು ಎಂದು ಕೇಳಿ ಬರೆದುಕೊಂಡನು. ಓದುಬಾರದ ಅವರು ಗುರುತು ಹಾಕಿದರು. 1865ರ ಮಾರ್ಚ್ 3ರ ಕಾಯಿದೆಯಿಂದ ಸೈನಿಕರ ಹೆಂಡಿರು ಮಕ್ಕಳಿಗೂ ಬಿಡುಗಡೆಯಾಯಿತು; ಇದರಿಂದ ಯಾರು ಯಾರ ಹೆಂಡತಿ ಎಂಬುದು ಮೊದಲ ಸಲ ಸರಕಾರಕ್ಕೆ ಬೇಕಾದ ಸಂಗತಿಯಾಯಿತು.

ಎರಡು ಸೈನ್ಯಗಳ ಸೈನಿಕ

ಎಲ್ಲರ ಅಜ್ಜನೂ ಒಂದೇ ಪಕ್ಷದಲ್ಲಿದ್ದಿರಬೇಕೆಂಬ ನಿಯಮವಿಲ್ಲ. ನಾರ್ತ್ ಕ್ಯಾರೊಲೈನಾದ ಮೋಸ್ ಟ್ರಿಪ್ಲೆಟ್ 1862ರಲ್ಲಿ ಹದಿನಾರನೆಯ ವಯಸ್ಸಿಗೆ ದಕ್ಷಿಣದ ಸೈನ್ಯ ಸೇರಿದನು. 1863ರಲ್ಲಿ ಅವನ 26ನೆಯ ರೆಜಿಮೆಂಟು ಗೆಟಿಸ್‌ಬರ್ಗಿನತ್ತ ಸಾಗುವಾಗ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲುಳಿದನು, ಅಲ್ಲಿಂದ ತಪ್ಪಿಸಿಕೊಂಡನು. ಜುಲೈ 1ರಿಂದ 3ರವರೆಗಿನ ಆ ಮಹಾಕಾಳಗದಲ್ಲಿ ಅವನ ರೆಜಿಮೆಂಟಿನ ಸುಮಾರು ಎಂಟುನೂರು ಜನರಲ್ಲಿ ಬಹುಭಾಗ ಸತ್ತರು, ಗಾಯಗೊಂಡರು, ಇಲ್ಲವೆ ಕಾಣೆಯಾದರು. 1864ರಲ್ಲಿ ಅವನು ಉತ್ತರದವರ ಪರವಾಗಿದ್ದ ನಾರ್ತ್ ಕ್ಯಾರೊಲೈನಾದ 3ನೆಯ ಕುದುರೆ ಪದಾತಿ ರೆಜಿಮೆಂಟನ್ನು ಸೇರಿದನು. ಕುದುರೆ ಪದಾತಿ ಎಂದರೆ ಕುದುರೆಯ ಮೇಲೆ ಹೋಗಿ ಇಳಿದು ನಿಂತು ಹೋರಾಡುವವರು. ಇವರನ್ನು ಅಶ್ವದಳದ ಪಟ್ಟಿಯಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಒಂದು ಲಕೋಟೆಯಲ್ಲಿ ಅವನು ಓಡಿಹೋದವನು. ಇನ್ನೊಂದು ಲಕೋಟೆಯಲ್ಲಿ ಗೌರವದ ಪಿಂಚಣಿದಾರ.

ಯುದ್ಧದ ಬಳಿಕ ಅವನು ತನ್ನ ಸೀಮೆಗೇ ಹಿಂದಿರುಗಿದನು. ಮುಪ್ಪಿನಲ್ಲಿ, ತನಗಿಂತ ಸುಮಾರು ಐವತ್ತು ವರ್ಷ ಚಿಕ್ಕವಳನ್ನು ಮದುವೆಯಾದನು; 1930ರಲ್ಲಿ ಅವನಿಗೆ 83 ವರ್ಷವಿದ್ದಾಗ ಐರೀನ್ ಎಂಬ ಮಗಳು ಹುಟ್ಟಿದಳು. 1938ರ ಜುಲೈನಲ್ಲಿ ಗೆಟಿಸ್‌ಬರ್ಗಿನ ಎಪ್ಪತ್ತೈದನೆಯ ವರ್ಷದ ಸಮಾವೇಶಕ್ಕೆ ಹೋಗಿಬಂದ ಕೆಲವೇ ದಿನಗಳಲ್ಲಿ ತೀರಿಕೊಂಡನು. ತನ್ನ ಕಾಲಮೇಲೆ ತಾನು ನಿಲ್ಲಲಾರದ ಮಗಳೆಂದು ಐರೀನ್‌ಗೆ ಸರಕಾರವು ತಿಂಗಳಿಗೆ 73 ಡಾಲರ್ 13 ಸೆಂಟುಗಳ ಪಿಂಚಣಿ ಕೊಡುತ್ತಿತ್ತು. ಆಕೆ ಅನಾಥಾಲಯದಂಥ ಬಡವರ ಮನೆಯಲ್ಲಿ ಬೆಳೆದು, ವೃದ್ಧರ ಆರೈಕೆಯ ಮನೆಯಲ್ಲಿ 2020ರ ಮೇ 31ರಂದು ತನ್ನ 90ನೆಯ ವಯಸ್ಸಿನಲ್ಲಿ ನಿಧನಳಾದಳು. ಅಂದಿಗೆ ಆ ಯುದ್ಧದ ಕಟ್ಟಕಡೆಯ ಪಿಂಚಣಿಯ ಕಡತವು ಮುಚ್ಚಿತು. ಆಸ್ಪತ್ರೆಯಿಂದ ಆ ಹುಡುಗನು ಓಡದೆ ಇದ್ದಿದ್ದರೆ ಏನಾಗುತ್ತಿತ್ತೆಂದು ಅವಳು ಎಂದಾದರೂ ಯೋಚಿಸಿದ್ದಳೋ ಏನೋ. ನಾನು ಮಾತ್ರ ಬಹಳ ಸಲ ಯೋಚಿಸಿದ್ದೇನೆ.

ಸುಟ್ಟುಹೋದದ್ದೂ ಬಹಳವಿದೆ. 1865ರ ಏಪ್ರಿಲ್‌ನಲ್ಲಿ ದಕ್ಷಿಣದವರ ರಾಜಧಾನಿ ರಿಚ್ಮಂಡು ಉರಿದಾಗ ಅವರ ಸರಕಾರದ ಎಷ್ಟೋ ಕಾಗದಗಳು ಹೋದವು. 1890ರ ಜನಗಣತಿಯ ಬಹುತೇಕ ಹಾಳೆಗಳು 1921ರ ಜನವರಿಯ ಬೆಂಕಿಯಲ್ಲಿಯೂ ಆಮೇಲಿನ ಅಲಕ್ಷ್ಯದಲ್ಲಿಯೂ ನಷ್ಟವಾದವು. ಅದರ ಜೊತೆಗೆ ತೆಗೆದ ಸೈನಿಕರ ಮತ್ತು ವಿಧವೆಯರ ವಿಶೇಷ ಪಟ್ಟಿಯಲ್ಲಿಯೂ ಎಲ್ಲ ರಾಜ್ಯಗಳದು ಉಳಿದಿಲ್ಲ. ಕಾಗದ ಸಿಗದಿದ್ದರೆ ಅವನು ಹೋರಾಡಲೇ ಇಲ್ಲವೆಂದು ಹೇಳಬರುವುದಿಲ್ಲ.

ಇನ್ನು ನಮ್ಮ ರಜಿಸ್ಟರು. ಆ ತಾಯಿಯ ಮೂರು ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರ ಇದು: ಬರೆದವನು ನಾನು. 1977ರ ಜೂನ್‌ನಲ್ಲಿ ಹುಡುಗನ ಅವ್ವ ಅವನ ಕೈಹಿಡಿದು ತಂದು, "ಬರಾ ಬಿದ್ದದ್ದರ ಹಿಂದಿನ ವರ್ಷ ರೀ ಮಾಸ್ತರ, ಕಾರಹುಣ್ಣಿವಿ ಮರುದಿನ ಹುಟ್ಯಾನ್ರಿ" ಎಂದಳು. ಅವಳು ವರ್ಷವನ್ನೂ ದಿನವನ್ನೂ ಹೇಳಿದ್ದಳು. ಆರು ವರ್ಷ ತುಂಬಿದೆಯೆಂದು ತೋರಿಸುವ ಅವಸರದಲ್ಲಿ, ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿದ್ದಾಗ, ನಾನು ಜೂನ್ 1 ಎಂದು ಬರೆದೆನು. ಪಂಚಾಂಗ ನೋಡಿದ್ದರೆ ಜೂನ್ ಎರಡನೆಯ ವಾರದ ತಾರೀಖು ಸಿಗುತ್ತಿತ್ತು. ಅವನ ಪಾಸ್‌ಪೋರ್ಟಿನಲ್ಲಿಯೂ ನೌಕರಿಯಲ್ಲಿಯೂ ಇಂದಿಗೂ ನಡೆದಿರುವುದು ನನ್ನ ಜೂನ್ 1. ಅವ್ವ ತೀರಿಕೊಂಡು ಹನ್ನೆರಡು ವರ್ಷಗಳಾದವು.

ರಜಿಸ್ಟರನ್ನು ತಿದ್ದಲು ನನಗೆ ಅಧಿಕಾರವಿಲ್ಲ, ತಿದ್ದಲೂಬಾರದು. ಆದರೆ ಆ ತಾಯಿಯು ತಮ್ಮ ಪುಸ್ತಕಕ್ಕಾಗಿ ಒಂದು ಹಾಳೆಯನ್ನು ಮುಂದಿಟ್ಟರು. ಪಿಂಚಣಿ ಕಡತದ ನೆರೆಯವರಂತೆ ನಾನೂ ನನ್ನ ಹೆಸರು, ವಯಸ್ಸು, ಊರು ಬರೆದು, 1977ರಲ್ಲಿ ಕೇಳಿದ್ದೇನು, ಬರೆದದ್ದೇನು ಎಂಬುದನ್ನು ಅವ್ವನ ಮಾತುಗಳಲ್ಲಿಯೇ ಕನ್ನಡದಲ್ಲಿ ಬರೆದು, ಕೆಳಗೆ ತಾರೀಖು ಹಾಕಿ ಸಹಿ ಮಾಡಿಕೊಟ್ಟೆನು. ಅದೇ ಪುಟದಲ್ಲಿ ಜೂನ್ 1ರಂದು ಹುಟ್ಟಿದ ಉಳಿದವರಲ್ಲಿ ಯಾರ ಮನೆಯಲ್ಲಾದರೂ ಹಿರಿಯರಿಗೆ ನೆನಪಿದ್ದರೆ, ಮನೆಗೆ ಬರಲಿ. ಸಾಯಂಕಾಲ ನಾಲ್ಕರ ಮೇಲೆ ನಾನು ಕಟ್ಟೆಯ ಮೇಲೆಯೇ ಇರುತ್ತೇನೆ, 1971ರ ಪಂಚಾಂಗವನ್ನೂ ತರಿಸಿಟ್ಟಿದ್ದೇನೆ.